ಗೊತ್ತಿರುವ ಕೆಲಸ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಪೆನ್ನು ಮುಚ್ಚಿಡುತ್ತಿದ್ದೆ. ನಿನ್ನ ಮೊಣಕಾಲು ಹೇಗಿದೆ? ಭಾವ ಈಗಲಾದರೂ ತಮ್ಮ ಬಟ್ಟೆ ತಾವು ಒಗೆದುಕೊಳ್ಳುವುದನ್ನು ಕಲಿತರೋ ಇಲ್ಲವೋ?

ಲ್ಯಾಬಿನಲ್ಲಿ ಮಕ್ಕಳಿಗೆ ಪ್ರಯೋಗ ಹೇಳಿಕೊಡುವ ಡೆಮಾನ್‌ಸ್ಟ್ರೇಟರ್ ಹುದ್ದೆ ನನಗೆ ಸಿಗಲಿಲ್ಲ. ಹತ್ತೊಂಬತ್ತು ವರ್ಷ ಈ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿ ಗಾಜು ತೊಳೆದೆ. ಮೇಷ್ಟ್ರುಗಳು ರಜೆ ಹಾಕಿದಾಗಲೆಲ್ಲ ಮಕ್ಕಳಿಗೆ ಬ್ಯೂರೆಟ್ ಹಿಡಿಯುವುದನ್ನು ತೋರಿಸಿಕೊಟ್ಟವಳು ನಾನೇ. ಅಂಚೆಯ ಮೂಲಕ ಓದಿ ಡಿಗ್ರಿಯನ್ನೂ ಮುಗಿಸಿದೆ, ಮೊದಲ ದರ್ಜೆಯಲ್ಲಿ. ಓದಿದವರಿಗೆ ದಾರಿ ತೆರೆದೇ ಇದೆ ಎಂದು ಪ್ರಿನ್ಸಿಪಾಲರು ವಾರ್ಷಿಕೋತ್ಸವದಲ್ಲಿ ಭಾಷಣ ಬಿಗಿದದ್ದನ್ನು ನಂಬಿದ್ದೆ ನೋಡು, ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಸಂದರ್ಶನದಲ್ಲಿ ಕೆಮಿಸ್ಟ್ರಿಯ ಒಂದು ಪ್ರಶ್ನೆಯೂ ಬರಲಿಲ್ಲ. "ಇಷ್ಟು ದಿನ ಇವರ ಕೈಕೆಳಗೆ ಇದ್ದೋಳು. ನಾಳೆ ಸ್ಟಾಫ್ ರೂಮಲ್ಲಿ ಪಕ್ಕದಲ್ಲೇ ಕೂತ್ರೆ ನಿನಗೇ ಮುಜುಗರ ಆಗಲ್ವೇನಮ್ಮ?" ಎಂದರು ಪ್ರಿನ್ಸಿಪಾಲರು, ಪಕ್ಕದಲ್ಲಿ ಕೂತಿದ್ದ ಮೇಷ್ಟ್ರುಗಳತ್ತ ಕೈ ತೋರಿಸಿ.

"ನಂಗೇನೂ ಆಗಲ್ಲ ಸಾರ್. ಆಗೋದು ಯಾರಿಗೆ ಅಂತ ನೀವೇ ಹೇಳಿ" ಎಂದೆ.

ಕೆಲಸ ಸಿಕ್ಕಿದ್ದು ಆಡಳಿತ ಮಂಡಳಿಯವರೊಬ್ಬರ ಅಳಿಯನಿಗೆ. ಮೊದಲ ದಿನವೇ ಆ ಮಹಾರಾಯ ಆಸಿಡ್‌ಗೆ ನೀರು ಸುರಿಯಲು ಹೊರಟ. ಓಡಿಹೋಗಿ ಮಣಿಕಟ್ಟು ಹಿಡಿದೆ. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರಲ್ಲ, ಮುಖಕ್ಕೇ ಸಿಡಿಯುತ್ತದೆ. ನಮ್ಮ ಮೊದಲ ವರ್ಷದ ಮಕ್ಕಳಿಗೂ ಇದು ಗೊತ್ತು.

ಮರುದಿನ ಪ್ರಿನ್ಸಿಪಾಲರು ಕರೆಸಿದರು. "ಒಂದು ತಿಂಗಳು ಅವರಿಗೆ ಸ್ವಲ್ಪ ಹೇಳ್ಕೊಡಮ್ಮ. ನಿನಗೆ ಗೊತ್ತಿರೋ ಕೆಲ್ಸ ತಾನೇ."

"ಗೊತ್ತಿದೆ ಅಂತ ಈಗ ನೆನಪಾಯ್ತಾ ಸಾರ್? ಕಲಿಸೋದು ಅಟೆಂಡರ್ ಕೆಲಸ ಅಲ್ಲ. ನಾನು ಗಾಜು ತೊಳೀತೀನಿ, ಅಷ್ಟೇ."

"ಡಿಗ್ರಿ ಬಂದ್ಮೇಲೆ ಬಾಯಿ ಬಂದಿದೆ ನಿಂಗೆ" ಎಂದರು. ಸಂಜೆಯೊಳಗೆ ಆದೇಶ ಕೈಗೆ ಬಂತು. ಈಗ ನಾನಿರುವುದು ಹಿಂದಿನ ಉಗ್ರಾಣದಲ್ಲಿ, ಮುರಿದ ಬೆಂಚು, ಗೆದ್ದಲು ತಿಂದ ಉತ್ತರಪತ್ರಿಕೆಗಳ ಜೊತೆ. ಮಕ್ಕಳು ಅಲ್ಲಿಗೂ ನೋಟ್‌ಬುಕ್ ಹಿಡಿದು ಬರುತ್ತಾರೆ. ಪಾಪ, ಅವರೇನು ಮಾಡಿದ್ದಾರೆ? ಬಾಗಿಲಲ್ಲೇ ನಿಂತು ಹೇಳಿಕೊಟ್ಟು ಕಳಿಸುತ್ತೇನೆ. ಶಿಕ್ಷಣ ಇಲಾಖೆಗೆ ದೂರು ಬರೆದು ಹಾಕಿದ್ದೇನೆ. "ಬಂಡೆಗೆ ತಲೆ ಚಚ್ಕೋಬೇಡ" ಎನ್ನುತ್ತಾರೆ ನಮ್ಮ ಮನೆಯವರು. ತಲೆ ನನ್ನದು, ಚಚ್ಚಿಕೊಳ್ಳುತ್ತೇನೆ.

ನಿನ್ನ ಮಗಳಿಗೆ ಚಿಕ್ಕಮ್ಮನ ಆಶೀರ್ವಾದ ಹೇಳು. ಅವಳು ಓದಲಿ, ಎಷ್ಟಾದರೂ ಓದಲಿ. ಓದಿದರೆ ಸಾಕು ಎಂಬ ಸುಳ್ಳನ್ನು ಮಾತ್ರ ಯಾರೂ ಅವಳಿಗೆ ಹೇಳಬೇಡಿ. ನೀನು ಮೊಣಕಾಲಿಗೆ ಬಿಸಿ ಶಾಖ ಕೊಟ್ಟುಕೋ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ಸಂದರ್ಶನದ ನಡುವೆ ಒಬ್ಬರು ಟೀಗೆಂದು ಬೆಲ್ ಒತ್ತಿದರು. ಅಭ್ಯರ್ಥಿಯ ಕುರ್ಚಿಯಲ್ಲಿ ಕೂತಿದ್ದ ನಾನು ಎದ್ದು ನಿಂತೆ. ಯಾರೂ ಹೇಳಿರಲಿಲ್ಲ ಅಕ್ಕ. ಸರ್ಟಿಫಿಕೇಟಿನ ಫೈಲನ್ನು ಕುರ್ಚಿಯ ಮೇಲಿಟ್ಟು ಹೋಗಿ, ಅಷ್ಟೂ ಜನಕ್ಕೆ ಟೀ ತಂದುಕೊಟ್ಟೆ. ತೆಗೆದುಕೊಂಡು ಕುಡಿದರು. ಒಬ್ಬರಿಗೂ ವಿಚಿತ್ರ ಅನ್ನಿಸಲಿಲ್ಲ. ತಟ್ಟೆ ಕೆಳಗಿಡುವವರೆಗೆ ನನಗೂ ಅನ್ನಿಸಿರಲಿಲ್ಲ.