ಗೆರೆ ದಾಟಿದ ಕೋಚ್

ನ. 12, ಯಲ್ಲಾಪುರ
ಬೆಳಿಗ್ಗೆ ಬಾಸ್ಕೆಟ್‌ಬಾಲ್ ಪ್ರಾಕ್ಟೀಸ್. ಪ್ರತಿಭಾ ಇವತ್ತೂ ರೆಫರಿಗೇ ಕೈ ತೋರಿಸಿ ಟೈಮ್‌ಔಟ್ ಕೇಳಿದಳು. ಕ್ಯಾಪ್ಟನ್ ಬೇರೆ! ಬೈದೆ. ಟೈಮ್‌ಔಟ್ ಕೇಳಬೇಕಾದವರು ಕೋಚ್, ಕೇಳಬೇಕಾದ್ದು ಸ್ಕೋರರ್ ಟೇಬಲ್‌ನಲ್ಲಿ. ಆಟ ನಡೆವಾಗ ಕೋಚ್ ಅಂಕಣದೊಳಗೆ ಕಾಲಿಡುವಂತಿಲ್ಲ. ಸುತ್ತಮುತ್ತ ರೂಲ್‌ಬುಕ್ ಪೂರಾ ಓದಿದ ಕೋಚ್ ನಾನೊಬ್ಬಳೇ ಇರಬೇಕು... ಜಂಬವಲ್ಲ. ಸರಿ, ಜಂಬವೇ.

ನ. 14
ನಾಡಿದ್ದು ಶಿರಸಿಯಲ್ಲಿ ಫೈನಲ್, ಸಿದ್ದಾಪುರದ ಮೇಲೆ. ಗೆದ್ದರೆ ವಿಭಾಗ ಮಟ್ಟ. ಪ್ರತಿಭಾ ಹತ್ತನೇ ಕ್ಲಾಸ್, ಇದೇ ಕೊನೆಯ ಅವಕಾಶ.
ರೆಫರಿ ಅಭಿಜ್ಞಾ! ನನ್ನ ಹಳೇ ಕ್ಯಾಪ್ಟನ್. ರೂಲ್‌ಗಳನ್ನೆಲ್ಲ ನಾನೇ ಬಾಯಿಪಾಠ ಮಾಡಿಸಿದ ಹುಡುಗಿ. ಸಿದ್ದಾಪುರದ ಕೋಚ್ ನಾಗಪತಿ ಸರ್ ಫೋನಿನಲ್ಲಿ ಕೊಂಕು ತೆಗೆದರು: "ಅರ್ಷಿಯಾ ಮೇಡಂ, ರೆಫರಿ ನಿಮ್ಮ ಕೂಸೇ ಅಲ್ದಾ? ಇನ್ನೆಂತ, ಕಪ್ ನಿಮ್ದೇ." ಮೈಯೆಲ್ಲ ಉರಿಯಿತು.

ನ. 16, ಸಂಜೆ, ವಾಪಸ್ ಬರುವ ಟೆಂಪೋ
ಸೋತೆವು. ಒಂದೇ ಅಂಕ. ಅದೂ ನನ್ನಿಂದ.
ಕೊನೆಯ ಗಳಿಗೆ. ಸಿದ್ದಾಪುರ ಬಾಸ್ಕೆಟ್ ಹಾಕಿ ಸಮ ಮಾಡಿತು. ನಮ್ಮ ಹುಡುಗಿಯರು ಕಂಗಾಲು. ಟೇಬಲ್ ಪಕ್ಕದಲ್ಲೇ ಇತ್ತು. ನಾನು ಕೂಗಿದ್ದು ಮಾತ್ರ ರೆಫರಿಗೆ — "ಅಭೀ, ಟೈಮ್‌ಔಟ್ ಕೊಡೇ!"
"ಕೋಚ್, ಟೇಬಲ್‌ಗೆ ಹೋಗಿ."
ಮೇಡಂ ಅನ್ನಲಿಲ್ಲ. ಕೋಚ್ ಅಂತೆ!
"ಎಂಥದೇ ಕೋಚ್? ನಿಂಗೆ ಸೀಟಿ ಊದೋಕೆ ಕಲಿಸಿದ್ದು ಯಾರು?" ಅನ್ನುತ್ತಾ ಅಂಕಣದೊಳಗೇ ನುಗ್ಗಿದೆ.
ಸೀಟಿ. ಟೆಕ್ನಿಕಲ್ ಫೌಲ್. ನನಗೆ! ಅವರಿಗೊಂದು ಫ್ರೀ ಥ್ರೋ. ಬಿತ್ತು. ಆಮೇಲೆ ಯಾರಿಗೂ ಅಂಕ ಬರಲಿಲ್ಲ.
ಫೌಲ್ ಕೊಡುವಾಗ ಅಭಿಜ್ಞಾ ಒಂಚೂರೂ ಅಳುಕಲಿಲ್ಲ. ನಾನು ಕಲಿಸಿದ ಹಾಗೇ, ಸ್ಪಷ್ಟವಾಗಿ ಸನ್ನೆ ಮಾಡಿ ತೋರಿಸಿದಳು.
ನಾಗಪತಿ ಸರ್ ಕಪ್ ಹಿಡಿದುಕೊಂಡೇ ಬಂದರು. "ಮೇಡಂ, ನಾ ಹಂಗೆ ಮಾತಾಡ್ಬಾರ್ದಾಗಿತ್ತು. ಎಂಥಾ ರೆಫರೀನ ತಯಾರು ಮಾಡಿದ್ರಿ ಮಾರಾಯ್ರೆ!"
ಟೆಂಪೋ ಹತ್ತಿರ ಅಭಿಜ್ಞಾ. ಕಣ್ಣು ಕೆಂಪು. "ಮೇಡಂ, ಸಿಟ್ಟು ಬಂತಾ?"
"ಬರದೆ ಮತ್ತೆ! ಸುಮ್ನೆ ಬಿಟ್ಟಿದ್ರೆ ಇನ್ನೂ ಜಾಸ್ತಿ ಬರ್ತಿತ್ತು." ತಬ್ಬಿಕೊಂಡೆ. ಹೊಟ್ಟೆಯೂ ಉರಿಯುತ್ತಿದೆ, ಎದೆಯೂ ಉಬ್ಬಿದೆ. ನನ್ನ ಹುಡುಗಿ ಅವಳು.
ಪ್ರತಿಭಾ ಹಿಂದಿನ ಸೀಟಿನಲ್ಲಿ. ಮುಖ ಕಿಟಕಿಯತ್ತ. ಅವಳಿಗೇನು ಹೇಳಲಿ?

ನ. 23
ವಾರವಿಡೀ ಪ್ರತಿಭಾ ಮೈದಾನಕ್ಕೆ ಬರಲಿಲ್ಲ. ಇಂದು ಬಂದಳು. ಚೆಂಡು ಮುಟ್ಟಲಿಲ್ಲ. "ಮೇಡಂ, ಸಣ್ಣೋರ ಮ್ಯಾಚಿಗೆ ಆನು ರೆಫರಿ ಆಗ್ತೆ." ನನ್ನ ಸೀಟಿಯನ್ನೇ ಕೊಟ್ಟೆ.
ಆಟ ಇನ್ನೂ ಕಾವೇರಿರಲಿಲ್ಲ. ಸೀಟಿ ಊದಿ, ನೇರ ನನ್ನತ್ತ ತಿರುಗಿದಳು.
"ಕೋಚ್, ಗೆರೆ ಹೊರಗೆ ನಿಲ್ಲಿ."
ಅಬ್ಬಾ ಇವಳ ಧೈರ್ಯವೇ! ಬೈಯಲು ಬಾಯಿ ತೆರೆದೆ. ಕೆಳಗೆ ನೋಡಿದರೆ, ನನ್ನ ಕಾಲು—