ನೀನು ಬಿಟ್ಟುಕೊಡುವ ಕುರ್ಚಿ

ನನ್ನ ಹೊಟ್ಟೆ ಉರಿಸಲೆಂದೇ ಹುಟ್ಟಿದ ಅರ್ಲಿಸ್‌ಗೆ,

ನಿನ್ನೆ ಅಂಚೆ ಕಚೇರಿಯ ಮುಂದೆ ಕಾರಿನ ಗಾಜು ಇಳಿಸಿ, ಎಂಜಿನ್ ಕೂಡ ಆರಿಸದೆ ಹೇಳಿ ಹೋದೆಯಲ್ಲ, "ಟ್ವೈಲಾ, ಸೋಮವಾರ ಶಾಲಾ ಮಂಡಳಿಗೆ ರಾಜೀನಾಮೆ ಕೊಡ್ತೀನಿ ಕಣೇ. ನನ್ನ ಕುರ್ಚಿ ನೀನು ತಗೋ. ಡೆಲ್ಬರ್ಟ್ ಹತ್ರ ಮಾತಾಡಿದೀನಿ, ಉಳಿದೋರೂ ಒಪ್ಕೊಂಡಿದಾರೆ. ನೀನು ಹೂಂ ಅನ್ನು, ಅಷ್ಟೇ" ಎಂದು. ನಾನು ಬಾಯಿ ತೆರೆಯುವ ಮೊದಲೇ ಕೈಬೀಸಿ ಹೊರಟೇ ಹೋದೆ. ಕುರ್ಚಿಯಂತೆ, ತಗೋ ಅಂತೆ! ಮಿಕ್ಕ ಸಾರನ್ನು ಡಬ್ಬಿಗೆ ತುಂಬಿ ಪಕ್ಕದ ಮನೆಗೆ ಕಳಿಸುವವರು ಕೂಡ ಬಾಗಿಲಲ್ಲಿ ನಿಂತು ಎರಡು ಮಾತಾಡುತ್ತಾರೆ.

ಉತ್ತರವನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನಗುತ್ತೀ, ನೀನು ನಕ್ಕರೆ ನಾನು ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಚಿಕ್ಕಂದಿನಿಂದಲೂ ಹೀಗೇ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಮಧ್ಯದಲ್ಲಿ ನಿನ್ನ ಅಂಗಡಿಗೆ ಯಾರಾದರೂ ಕೂದಲು ಕತ್ತರಿಸಿಕೊಳ್ಳಲು ಬಂದರೆ ಕಾಯಲಿ.

ನಮ್ಮ ಲಿಂಡೆನ್‌ಥಾಲ್ ಶಾಲೆಯ ಮಂಡಳಿ ತಿಂಗಳಿಗೊಮ್ಮೆ ಗ್ರಂಥಾಲಯದಲ್ಲಿ ಸೇರುತ್ತದೆ. ಮೇಜಿನ ಸುತ್ತ ಐದು ಸದಸ್ಯರು, ಎದುರಿಗೆ ಊರವರಿಗೆಂದು ಮಡಚುವ ಕುರ್ಚಿಗಳ ಸಾಲು. ಊರವರು ಎಂದರೆ ನಾನು. ನನ್ನ ಮಗ ಎರಡನೇ ತರಗತಿಯಲ್ಲಿದ್ದಾಗಿನಿಂದ ಆ ಸಾಲಿನಲ್ಲಿ ಕೂತಿದ್ದೇನೆ, ಈಗ ಅವನ ಮಗಳು ಅದೇ ಶಾಲೆಗೆ ಹೋಗುತ್ತಾಳೆ. ಹಿಮ ಬಿದ್ದು ಡಕೋಟದ ಅರ್ಧ ರಸ್ತೆಗಳು ಮುಚ್ಚಿದ ದಿನವೂ ಹೋಗಿದ್ದೇನೆ, ಕೈಯಲ್ಲಿ ಪ್ಲಮ್ ಹಣ್ಣಿನ ಕೂಖೆನ್ ಕೇಕು ಹಿಡಿದುಕೊಂಡು. ಬಾಯ್ಲರ್ ಯಾವ ವರ್ಷ ಕೈಕೊಟ್ಟಿತು, ಸಂಗೀತದ ಮೇಷ್ಟ್ರನ್ನು ಹಾರ್ಮನ್ ಊರಿನ ಶಾಲೆಯ ಜತೆ ಹಂಚಿಕೊಂಡದ್ದು ಯಾಕೆ, ಗಣಿತಕ್ಕೆ ಮೇಷ್ಟ್ರು ಸಿಗದೆ ಮಕ್ಕಳು ಪರದೆ ನೋಡಿಕೊಂಡೇ ಬೀಜಗಣಿತ ಕಲಿತದ್ದು ಯಾವಾಗ, ನನ್ನನ್ನು ಕೇಳು. ಡೆಲ್ಬರ್ಟ್ ಅಧ್ಯಕ್ಷನಾಗಿ ಇಷ್ಟು ವರ್ಷವಾದರೂ ಆಯವ್ಯಯದ ಹಾಳೆಯನ್ನು ನಾನು ತಿರುಗಿಸಿದ ಮೇಲೇ ತಿರುಗಿಸುತ್ತಾನೆ. "ಟ್ವೈಲಾ ಬಂದಿದಾಳೆ, ಕೂಖೆನ್ ಬಂತು, ಪ್ರಶ್ನೆಗಳೂ ಬಂದ್ವು" ಎಂದು ಅವನು ಅಂದರೆ ಎಲ್ಲರೂ ನಗುತ್ತಾರೆ. ಕೂಖೆನ್ ಮಾತ್ರ ಖಾಲಿಯಾಗುತ್ತದೆ.

ಚುನಾವಣೆಗೆ ನಿಂತಾಗಲೆಲ್ಲ ಸೋತೆ, ಅದು ನಿನಗೂ ಗೊತ್ತು. ಈ ಸಲ ಮಾತ್ರ ಅರ್ಜಿ ಹಾಕಿದ್ದು ನಾನೊಬ್ಬಳೇ. ಮತಪತ್ರದ ಮೇಲೆ ಅಚ್ಚಾಗಿದ್ದ ಹೆಸರು ನನ್ನದೊಂದೇ. ಅದರ ಕೆಳಗೆ ಒಂದು ಖಾಲಿ ಗೆರೆ, ಬೇರೆಯವರು ಬೇಕೆನ್ನುವವರು ತಮ್ಮ ಕೈಯಾರೆ ಹೆಸರು ಬರೆಯಲಿ ಎಂದು. ನಮ್ಮೂರಿನ ಜನ ಅಂಚೆಯ ವಿಳಾಸ ಬರೆಯಲೂ ಸೋಮಾರಿಗಳು. ಅಂಥವರು ಪೆನ್ನು ತೆಗೆದು ಆ ಗೆರೆಯ ಮೇಲೆ ನಿನ್ನ ಹೆಸರು ಬರೆದರಲ್ಲೇ! ಒಬ್ಬ ‘ಅರ್ಲೆಸ್’ ಎಂದ, ಇನ್ನೊಬ್ಬ ‘ಕೂದಲಂಗಡಿ ಅರ್ಲಿಸ್’ ಎಂದ, ಡೆಲ್ಬರ್ಟನ ಅಪ್ಪನಂತೂ ನಿನ್ನ ತವರಿನ ಮನೆತನದ ಹೆಸರು ಹಾಕಿದ. ಎಲ್ಲವೂ ನೀನೇ ಎಂದು ಎಣಿಸಿದರು. ನನ್ನ ಹೆಸರನ್ನು ಬರೆಯುವ ಕಷ್ಟವೂ ಇರಲಿಲ್ಲ, ಪಕ್ಕದ ಸೊನ್ನೆಯನ್ನು ಕಪ್ಪು ಮಾಡಿದರೆ ಸಾಕಿತ್ತು. ಅಷ್ಟನ್ನೂ ಮಾಡಲಿಲ್ಲ.

ಆ ಸಂಜೆ ನೀನೇ ಫೋನ್ ಮಾಡಿದೆ. "ಅಯ್ಯೋ ಟ್ವೈಲಾ, ದೇವರಾಣೆ ನಾನು ಯಾರನ್ನೂ ಕೇಳಿಲ್ಲ ಕಣೇ! ನಾನು ವೋಟು ಹಾಕಿದ್ದೂ ನಿನಗೇ!" ನನಗೆ ಉರಿದದ್ದು ಅಲ್ಲೇ. ನೀನು ಕಾಲಿಗೆ ಬಿದ್ದು ವೋಟು ಕೇಳಿದ್ದರೆ, ಮನೆಮನೆಗೆ ಹೋಗಿ ನನ್ನ ಮೇಲೆ ಇಲ್ಲಸಲ್ಲದ್ದು ಹೇಳಿದ್ದರೆ, ನಾನು ನೆಮ್ಮದಿಯಾಗಿ ನಿನ್ನನ್ನು ದ್ವೇಷಿಸುತ್ತಿದ್ದೆ. ನೀನು ಏನೂ ಮಾಡಲಿಲ್ಲ. ನೀನು ಯಾವತ್ತೂ ಏನೂ ಮಾಡುವುದಿಲ್ಲ. ಚಿಕ್ಕವರಿದ್ದಾಗ ಶಾಲೆಯ ಬಸ್ಸಿಗೆ ದಿನಾ ತಡವಾಗಿ ಓಡಿಬರುತ್ತಿದ್ದೆ, ಆದರೂ ಕಿಟಕಿಯ ಪಕ್ಕದ ಜಾಗವನ್ನು ಯಾರಾದರೊಬ್ಬರು ನಿನಗೆ ಹಿಡಿದಿಟ್ಟಿರುತ್ತಿದ್ದರು. ಎಷ್ಟೋ ಸಲ ಹಿಡಿದಿಟ್ಟವಳು ನಾನೇ.

ಇರಲಿ. ಗೆದ್ದು ನೀನು ಮಂಡಳಿಗೆ ಹೋದೆ, ಮೊದಲ ಎರಡು ಸಭೆಗಳಲ್ಲಿ ಉಗುರು ನೋಡಿಕೊಳ್ಳುತ್ತಾ ಕೂತೆ. ನಾನು ಎದುರಿನ ಸಾಲಿನಲ್ಲಿ ಕೂತು, ಇವಳಿಗೆ ‘ಪ್ರಸ್ತಾಪ’ ಎಂದರೆ ಮದುವೆಯ ಪ್ರಸ್ತಾಪವೊಂದೇ ಗೊತ್ತು ಎಂದುಕೊಂಡು ಖುಷಿಪಟ್ಟೆ. ಆಮೇಲೆ ಆ ಅಕ್ಟೋಬರಿನ ಸಭೆ ಬಂತು. ಸೂಪರಿಂಟೆಂಡೆಂಟ್ ಕರ್ಟ್, ಅಂದು ಬೆಳಗ್ಗೆ ತಾನೇ ಬಸ್ಸು ಓಡಿಸಿ ಬಂದವನು, ರಾಜ್ಯದವರು ಕಳಿಸಿದ ನಮ್ಮ ಶಾಲೆಯ ಫಲಿತಾಂಶವನ್ನು ಎಲ್ಲರಿಗೂ ಹಂಚಿದ. ತರಗತಿಯಲ್ಲಿ ಹತ್ತು ಮಕ್ಕಳೂ ಇಲ್ಲದಿದ್ದರೆ ಅಲ್ಲಿ ಅಂಕದ ಬದಲು ಒಂದು ಚುಕ್ಕಿ ಹಾಕುತ್ತಾರೆ, ಯಾವ ಮಗುವಿನ ಗುಟ್ಟೂ ಹೊರಬೀಳದಿರಲಿ ಎಂದು. ನಮ್ಮದು ಎಲ್ಲ ತರಗತಿಗೂ ಚುಕ್ಕಿಯೇ. "ಹಾರ್ಮನ್‌ನೋರಿಗೆ ಬರೀ ನಂಬರು, ನಮಗೆ ಆಕಾಶ ತುಂಬ ಚುಕ್ಕಿ!" ಎಂದು ಡೆಲ್ಬರ್ಟ್ ಪ್ರತಿ ವರ್ಷದ ಹಾಗೆ ನಕ್ಕು ಮುಂದಿನ ವಿಷಯಕ್ಕೆ ಹೋಗುತ್ತಿದ್ದ.

ನೀನು ಕೈ ಎತ್ತಿದೆ, ಕ್ಲಾಸಿನಲ್ಲಿ ಎತ್ತಿದ ಹಾಗೆ. "ಈ ಮೂರನೇ ಕ್ಲಾಸಿನ ಚುಕ್ಕಿ ಇದೆಯಲ್ಲ, ಇದರ ಹಿಂದೆ ಓದಕ್ಕೇ ಬರದೇ ಇರೋ ಮಗು ಯಾವುದಾದ್ರೂ ಇದೆಯಾ?"

"ಅದನ್ನೆಲ್ಲ ಇಲ್ಲಿ ಹೇಳೋ ಹಾಗಿಲ್ಲ ಅರ್ಲಿಸ್, ಕಾನೂನು" ಎಂದ ಕರ್ಟ್, ಮುಖ ಕೆಂಪಗೆ ಮಾಡಿಕೊಂಡು.

"ಹೆಸರು ಯಾರಪ್ಪಾ ಕೇಳಿದ್ರು? ಆ ಮಗು ಪಕ್ಕದಲ್ಲಿ ಯಾರಾದ್ರೂ ಕೂತ್ಕೋತಾರಾ ಅಂತ ಕೇಳ್ದೆ."

ಯಾರೂ ನನ್ನ ಕಡೆ ನೋಡಲಿಲ್ಲ, ಎಲ್ಲರೂ ಅಷ್ಟು ಕಷ್ಟಪಟ್ಟು ಬೇರೆ ಕಡೆ ನೋಡುತ್ತಿದ್ದರು. ಲಿಂಡೆನ್‌ಥಾಲ್‌ನಲ್ಲಿ ಚುಕ್ಕಿ ಯಾವ ಗುಟ್ಟನ್ನು ಕಾಯುತ್ತದೆ ಹೇಳು? ಆ ಮಗು ನನ್ನ ಮೊಮ್ಮಗಳು ಮೇವಿಸ್ ಎಂದು ನಿನಗೂ ಗೊತ್ತಿತ್ತು. ಆ ಕ್ಷಣ ನಿನ್ನನ್ನು ಕೊಲ್ಲಬೇಕೆನಿಸಿತು. ಮರುಕ್ಷಣ ಇನ್ನೂ ಕೆಟ್ಟದ್ದು ಅನಿಸಿತು, ಈ ಪ್ರಶ್ನೆ ನಾನು ಕೇಳಬೇಕಾಗಿತ್ತು ಎಂದು. ಬಾಯ್ಲರಿನ ಬಗ್ಗೆ ಕೇಳಿದ್ದೆ, ಬಸ್ಸಿನ ಟೈರಿನ ಬಗ್ಗೆ ಕೇಳಿದ್ದೆ, ಹಾರ್ಮನ್‌ನವರಿಗಿಂತ ನಾವೆಷ್ಟು ಹಿಂದೆ ಎಂದು ಕೇಳಿದ್ದೆ. ಮಂಡಳಿಯಲ್ಲಿ ಕೇಳಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆಯನ್ನು ನೀನು ಉಗುರು ನೋಡಿಕೊಳ್ಳುತ್ತಾ ಕೇಳಿಬಿಟ್ಟೆ.

ಅಷ್ಟಕ್ಕೇ ನಿಲ್ಲಿಸಿದೆಯಾ? ಮುಂದಿನ ಮಂಗಳವಾರ ಅಂಗಡಿಗೆ ಬೀಗ ಹಾಕಿ ಶಾಲೆಗೆ ಹೋಗಿ ಅವಳ ಪಕ್ಕದಲ್ಲಿ ಕೂತೆ. ಅದರ ಮುಂದಿನ ಮಂಗಳವಾರವೂ. ಈಗ ನನ್ನ ಮನೆಯಲ್ಲಿ ಬರೀ ನಿನ್ನದೇ ಹೆಸರು. ಊಟಕ್ಕೆ ಕೂತರೆ ಅರ್ಲಿಸ್, ಶೂ ಕಟ್ಟಿಕೊಂಡರೆ ಅರ್ಲಿಸ್. ಅರ್ಲಿಸ್ ಹತ್ರ ಹಸಿರು ಉಗುರುಬಣ್ಣ ಇದೆ, ಅರ್ಲಿಸ್‌ಗೆ ಕೂಡ ಓದುವಾಗ ‘ಥ್ರೂ’ ಯಾವುದು ‘ಥರೋ’ ಯಾವುದು ಅಂತ ಗೊಂದಲ ಆಗುತ್ತಂತೆ. ನಾನು ಎರಡು ಚಳಿಗಾಲ ಅಡುಗೆಮನೆಯ ಮೇಜಿನ ಹತ್ತಿರ ಅವಳನ್ನು ಕೂರಿಸಿಕೊಂಡು ಓದಿಸಿದ್ದೇನೆ. ಪುಸ್ತಕ ತೆಗೆದ ಕೂಡಲೇ ಅವಳಿಗೆ ಹೊಟ್ಟೆನೋವು ಶುರು. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ, "ಅವಳ ಹತ್ರ ಓದ್ತೀಯಂತಲ್ಲ, ನನ್ನ ಹತ್ರ ಯಾಕೆ ಓದಲ್ಲ?" ಎಂದು. ಮೇವಿಸ್ ಯೋಚನೆ ಮಾಡಿ, ನನ್ನನ್ನು ನೋಯಿಸುವ ಇಷ್ಟವಿಲ್ಲದೆಯೇ ಹೇಳಿದಳು: "ನಾನು ತಪ್ಪು ಓದಿದ್ರೆ ಅರ್ಲಿಸ್ ನಗ್ತಾಳೆ, ನಾನೂ ನಗ್ತೀನಿ. ನೀನು ಉಫ್ ಅಂತ ಉಸಿರು ಬಿಡ್ತೀಯ ಅಜ್ಜಿ."

ನಾನು ಹೊರಗೆ ಹೋಗಿ ಅಂಗಳದ ಹಿಮ ತೆಗೆದೆ. ತೆಗೆಯಲು ಅಂಥಾ ಹಿಮವೇನೂ ಇರಲಿಲ್ಲ.

ಆಮೇಲೆ ನೀನು ಓದಿಸುವುದನ್ನು ನೋಡಲೆಂದೇ ನಾನು ಶಾಲೆಗೆ ಹೋಗಿದ್ದೆ. ನಿನಗೆ ಗೊತ್ತಿಲ್ಲ. ಊಟದ ಕೋಣೆಗೆ ತಟ್ಟೆಗಳನ್ನು ಕೊಡುವ ನೆಪ ಮಾಡಿಕೊಂಡು ತರಗತಿಯ ಬಾಗಿಲ ಗಾಜಿನ ಈಚೆ ನಿಂತೆ. ಏನೋ ದೊಡ್ಡ ವಿದ್ಯೆ ಮಾಡುತ್ತಿರುತ್ತೀ, ಕಲಿತುಕೊಂಡು ನಾನೂ ಮಾಡೋಣ ಎಂದು. ಮೇವಿಸ್ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದಳು, ತುಟಿ ಅಲುಗುತ್ತಿತ್ತು. ನೀನು ಚ್ಯೂಯಿಂಗ್ ಗಮ್ ಅಗಿಯುತ್ತಾ ಕಿಟಕಿಯಾಚೆ ನೋಡುತ್ತಿದ್ದೆ. ಪುಸ್ತಕದ ಕಡೆ ನಿನ್ನ ಕಣ್ಣೇ ಇರಲಿಲ್ಲ ಮಾರಾಯ್ತಿ! ಅವಳು ಎಲ್ಲೋ ತೊಡರಿ ನಿಂತಳು. ನಾನು ಗಾಜಿನ ಈಚೆ ಉಸಿರು ಬಿಟ್ಟೆ. ನೀನು ತಿರುಗಲಿಲ್ಲ. ಅವಳೇ ಹಿಂದಕ್ಕೆ ಹೋಗಿ, ಮತ್ತೆ ಓದಿ, ದಾಟಿಕೊಂಡು ಹೋದಳು. ಆಗ ತಿರುಗಿ ಅವಳ ಜಡೆ ಎಳೆದೆ. ಅಷ್ಟೇ ನೀನು ಮಾಡಿದ್ದು. ಸುಮ್ಮನೆ ಪಕ್ಕದಲ್ಲಿ ಕೂರುವುದು. ಅದು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ, ನನಗೆ ಗೊತ್ತು.

ಈಗ ನಿನ್ನ ರಾಜೀನಾಮೆಯ ವಿಷಯ. ಓದಿಸುವ ಸಹಾಯಕಿಯ ಕೆಲಸಕ್ಕೆ ಕರ್ಟ್ ಬೇಸಿಗೆಯಿಂದ ಜಾಹೀರಾತು ಹಾಕುತ್ತಿದ್ದಾನೆ, ಒಂದು ಅರ್ಜಿಯೂ ಬಂದಿಲ್ಲ. ನೀನು ಬೆಳಗಿನ ಹೊತ್ತು ದಿನಾ ಹೋಗುತ್ತೇನೆ ಎಂದಿದ್ದೀ. ಮಂಡಳಿಯ ಸದಸ್ಯೆ ಶಾಲೆಯ ಸಂಬಳ ತೆಗೆದುಕೊಳ್ಳುವಂತಿಲ್ಲ, ಅದಕ್ಕೇ ಕುರ್ಚಿ ಬಿಡುತ್ತೀ. ನಾನು ಒಲ್ಲೆ ಎಂದರೆ ಆ ಜಾಗಕ್ಕೆ ಡೆಲ್ಬರ್ಟನ ಭಾವಮೈದುನ ರಾಯ್ಸ್ ಬರುತ್ತಾನೆ. "ಇಷ್ಟು ಮಕ್ಕಳಿಗೆ ಶಾಲೆ ಯಾಕ್ರೀ? ಎಲ್ಲರನ್ನೂ ಹಾರ್ಮನ್‌ಗೆ ಸಾಗಿಸಿ, ಬೀಗ ಹಾಕಿ" ಎಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದಾನೆ, ಈಗಾಗಲೇ ಇಬ್ಬರು ಸದಸ್ಯರು ತಲೆಯಾಡಿಸುತ್ತಿದ್ದಾರೆ. ಮೂರನೆಯವನಾಗಿ ಅವನು ಕೂತರೆ ಮುಗಿಯಿತು. ಅವನು ಬರುವುದಾದರೆ ನೀನು ಕುರ್ಚಿ ಬಿಡುವುದಿಲ್ಲ. ನೀನು ಬಿಡದಿದ್ದರೆ ಮೇವಿಸ್‌ಗೆ ಸಿಗುವುದು ಮಂಗಳವಾರ ಒಂದೇ. ಎಲ್ಲವೂ ನನ್ನ ಒಂದು ಹೂಂ ಮೇಲೆ ನಿಂತಿದೆ, ಅದೂ ಎಂಥಾ ಹೂಂ! ನಾನು ಆಸೆಪಟ್ಟ ಕುರ್ಚಿ ನಿನ್ನ ಎಂಜಲಾಗಿ ನನಗೆ ಬರಬೇಕು. ನನ್ನ ಮಗುವನ್ನು ದಿನಾ ಬೆಳಗ್ಗೆ ನಿನ್ನ ಮಡಿಲಿಗೆ ನಾನೇ ಹಾಕಬೇಕು.

ಒಂದು ನಿಜ ಹೇಳಲಾ? ನೀನು ಆ ಕುರ್ಚಿಯಲ್ಲಿ ಕೂತಿದ್ದಷ್ಟು ದಿನ ಅದು ನನಗೆ ಸಿಂಹಾಸನವಾಗಿತ್ತು. ನೀನು ಬಿಡುತ್ತೇನೆ ಎಂದ ಕೂಡಲೇ ಅದು ಬರೀ ಒಂದು ಮರದ ಕುರ್ಚಿಯಾಯಿತು, ಈಗ ನನ್ನ ಕಣ್ಣು ನೀನು ಮೇವಿಸ್ ಪಕ್ಕದಲ್ಲಿ ಎಳೆದುಕೊಂಡು ಕೂರುವ ಆ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲಿದೆ. ನಾಳೆ ಅದನ್ನೂ ಬಿಟ್ಟು ಬೇರೆಲ್ಲೋ ಕೂತರೆ ಅಲ್ಲಿಗೂ ನನ್ನ ಹೊಟ್ಟೆ ಉರಿ ಬರುತ್ತದೆ. ಬರಲಿ, ಇಷ್ಟು ವರ್ಷ ಅದರ ಜತೆ ಬದುಕಿದ್ದೇನೆ.

ಸೋಮವಾರ ರಾಜೀನಾಮೆ ಕೊಡು. ನಾನು ಹೂಂ ಅಂದಿದ್ದೇನೆ. ಪ್ರಮಾಣ ತೆಗೆದುಕೊಂಡು ಕೂತ ಮೇಲೆ ನನ್ನ ಮೊದಲ ಮಾತು ರಾಯ್ಸ್‌ನ ಬೀಗದ ಬಗ್ಗೆ ಇರುತ್ತದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ, ಅಷ್ಟು ನನಗೆ ಬರುತ್ತದೆ. ಎರಡನೆಯದು ನಿನ್ನ ನೇಮಕ. ನಾನು ಆ ಮಗುವಿನ ಅಜ್ಜಿ, ನಾನು ಮತ ಹಾಕುವುದು ಸರಿಯೇ ಎಂದು ಕರ್ಟ್ ನಿಯಮದ ಪುಸ್ತಕ ತಿರುವುತ್ತಾನೆ. ಅವನು ಪುಟ ಹುಡುಕುವಷ್ಟರಲ್ಲಿ ನನ್ನ ಕೈ ಮೇಲಿರುತ್ತದೆ. ಆಗ ನನ್ನ ಮುಖ ನೋಡಬೇಡ ಅರ್ಲಿಸ್, ಅದರಲ್ಲಿ ಒಳ್ಳೆಯತನ ಏನೂ ಕಾಣುವುದಿಲ್ಲ. ಅವಳನ್ನು ಓದಿಸು. ಅವಳು ನನಗಿಂತ ನಿನ್ನನ್ನೇ ಹೆಚ್ಚು ಹಚ್ಚಿಕೊಂಡರೂ ಸರಿ, ಓದಿಸು.

ನಿನಗೆ ಒಳ್ಳೆಯದಾಗಲಿ. ತೀರಾ ಜಾಸ್ತಿ ಬೇಡ.

ನಿನ್ನ
ಟ್ವೈಲಾ