ಐನೂರ ಒಂದು ರೂಪಾಯಿಯ ಅನುಮಾನ

ಬ್ಯಾಂಕಿನ ಸಂಶಯಾಸ್ಪದ ವಹಿವಾಟು ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಅಕ್ಕ ಹನುಮಂತಮ್ಮ ಕಳ್ಳಿಯಲ್ಲ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸು. ಆದರೂ ಇಪ್ಪತ್ತೆರಡು ದಿನದಿಂದ ತಾವು ಅವಳ ಖಾತೆಗೆ ಬೀಗ ಜಡಿದಿದ್ದೀರಿ. ಅದನ್ನು ತೆಗೆಯಿರಿ ಎಂದು ಕೇಳಲು ಈ ಪತ್ರ.

ಕಳೆದ ತಿಂಗಳು ಗುಬ್ಬಿಯ ಛತ್ರದಲ್ಲಿ ಅವಳ ಮಗಳು ಹೇಮಶ್ರೀಯ ಮದುವೆಯಾಯಿತು. ಸೋದರಮಾವನಾದ ನಾನು ಮುಯ್ಯಿ ಬರೆಯಲು ಕೂತೆ. ಕವರು ಹರಿಯುವ, ನೋಟು ಎಣಿಸುವ ಕಾಟ ಬೇಡವೆಂದು ಅಕ್ಕನ ಖಾತೆಯ ಕ್ಯೂಆರ್ ಕೋಡನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅಂಚಿಗೆ ಅರಿಶಿನ ಹಚ್ಚಿ ಮೇಜಿನ ಮೇಲಿಟ್ಟೆ. ಹೀಗೆ ಮಾಡಿ ಎಂದು ಹತ್ತು ವರ್ಷದಿಂದ ಗೋಡೆಗೋಡೆಗೂ ಬರೆಸಿದವರು ತಾವೇ ಅಲ್ಲವೇ? ಧಾರೆ ಮುಗಿದು ಮೊದಲ ಪಂಕ್ತಿ ಏಳುವಷ್ಟರಲ್ಲಿ ಅರವತ್ತಮೂರು ಜನ ತಲಾ ಐನೂರ ಒಂದು ರೂಪಾಯಿ ಹಾಕಿದ್ದರು. ಅರವತ್ತನಾಲ್ಕನೆಯವರು ಸ್ಕ್ಯಾನ್ ಮಾಡುವಾಗ ಖಾತೆ ಬಂದ್ ಆಗಿತ್ತು.

ಸದಾ ಹಾಲಿನ ದುಡ್ಡು ಮಾತ್ರ ಬರುತ್ತಿದ್ದ ಖಾತೆಗೆ ಎರಡೇ ಗಂಟೆಯಲ್ಲಿ ಅಷ್ಟು ಜನರಿಂದ ಒಂದೇ ಮೊತ್ತ ಬಂದದ್ದು ವಂಚಕರ ಜಾಲದ ಲಕ್ಷಣವಂತೆ. ತಮ್ಮ ಕಂಪ್ಯೂಟರ್ ಪತ್ತೆ ಹಚ್ಚಿದೆಯಂತೆ. ಎಂಥ ಚುರುಕು! ಮುಯ್ಯಿಯ ಮೊತ್ತ ಸೊನ್ನೆಯಲ್ಲಿ ಮುಗಿಯಬಾರದು, ಮುಗಿದರೆ ಸಂಬಂಧವೂ ಮುಗಿದಂತೆ ಎಂದು ನಮ್ಮ ಕಡೆ ಮೂರು ವರ್ಷದ ಮಗುವಿಗೂ ಗೊತ್ತು. ಅದಕ್ಕೇ ಆ ಒಂದು ರೂಪಾಯಿ. ಕೋಟಿ ನುಂಗಿದವರು ವಿಮಾನ ಹತ್ತುವಾಗ ಈ ಕಂಪ್ಯೂಟರ್ ಎಲ್ಲಿ ನಿದ್ದೆ ಹೊಡೆಯುತ್ತಿತ್ತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಶಾಖೆಗೆ ಹೋದೆವು. ಮ್ಯಾನೇಜರ್ ಒಳ್ಳೆಯವರು, ಕಾಫಿ ಕೊಡಿಸಿದರು. ನನ್ನ ಕೈಲಿ ಏನೂ ಇಲ್ಲ ಎಂದರು. ಅರವತ್ತಮೂರು ಜನರೊಂದಿಗೂ ಇರುವ ಸಂಬಂಧವನ್ನು ದಾಖಲೆ ಸಮೇತ ತುಂಬಿಸಲು ಒಂದು ಫಾರಂ ಕೊಟ್ಟರು. ಆ ಪಟ್ಟಿಯಲ್ಲಿರುವ ಬೆಟ್ಟಯ್ಯ ನಮಗೆ ಏನಾಗಬೇಕು? ಅವರ ಹಸು, ನಮ್ಮ ಹಸು ಒಂದೇ ಕೆರೆಯಂಗಳದಲ್ಲಿ ಮೇಯುತ್ತವೆ. ಇದಕ್ಕೆ ದಾಖಲೆ ಬೇಕಾದರೆ ಹಸುಗಳನ್ನೇ ಕರೆತರುತ್ತೇನೆ, ಶಾಖೆಯ ಬಾಗಿಲು ಸ್ವಲ್ಪ ಅಗಲ ಮಾಡಿಸಿ. ಖಾತೆ ಸರಿಹೋಗುವ ತನಕ ಮೊಬೈಲಿನಲ್ಲಿ ಡಿಜಿಟಲ್ ರೂಪಾಯಿಯ ವ್ಯಾಲೆಟ್ ತೆರೆಯಿರಿ ಎಂದೂ ಅವರು ಅಕ್ಕನಿಗೆ ಸಲಹೆ ಕೊಟ್ಟರು. ಅದರೊಳಗೆ ಹಾಕಲು ಏನಿದೆ ಎಂದು ಅಕ್ಕ ಕೇಳಿದಳು. ಅವರು ಇನ್ನೊಂದು ಕಾಫಿ ಹೇಳಿದರು.

ಇಷ್ಟಾದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಈ ಭಾನುವಾರ ಕುಣಿಗಲ್‌ನಲ್ಲಿ ಚನ್ನವೀರಯ್ಯನವರ ಮಗಳ ಮದುವೆ. ಹಿಂದೆ ಕಡಬದ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದವರು. ಭಾವ ತೀರಿಕೊಂಡಾಗ ಅಕ್ಕನಿಗೆ ಮೊದಲ ಹಸು ಕೊಡಿಸಿದವರು. ಹೇಮಶ್ರೀಗೆ ಮೊದಲ ಮುಯ್ಯಿ ಹಾಕಿದವರೂ ಅವರೇ. ಅದನ್ನು ತೀರಿಸಬೇಕು. ಹಾಲಿನ ದುಡ್ಡೂ ಬೀಗದೊಳಗಿದೆ. ನಾನು ಐನೂರೊಂದು ಕೊಡಲು ಹೋದರೆ ಅಕ್ಕ ನನ್ನ ಕೈಯನ್ನೇ ತಳ್ಳಿದಳು.

“ಇಸ್ಕೊಂಡ ದುಡ್ಡಲ್ಲಿ ಮುಯ್ಯಿ ತೀರ್ತದೇನ್ಲಾ? ಬರಿಗೈಲಿ ಹೋಗಿ ಉಂಡ್ಕೊಂಡ್ ಬರಾಕೂ ನನ್ ಕೈಲಾಗಲ್ಲ. ನಾನ್ ಹೋಗಲ್ಲ ಬುಡು.”

ಹೀಗೆಂದವಳು ಕೊಟ್ಟಿಗೆಗೆ ಹೋಗಿ, ಆಗಲೇ ಗುಡಿಸಿದ್ದ ನೆಲವನ್ನು ಮತ್ತೆ ಗುಡಿಸತೊಡಗಿದಳು. ಭಾವ ಸತ್ತಾಗಲೂ ಯಾರ ಮುಂದೆಯೂ ತಲೆ ತಗ್ಗಿಸದವಳು. ನನಗೆ ತಮ್ಮ ಮೇಲೆ ಸಿಟ್ಟು ಬಂತು ಮಾನ್ಯರೇ.

ಆದ್ದರಿಂದ ಶನಿವಾರ ಸಂಜೆಯೊಳಗೆ ಖಾತೆ ಬಿಡಿಸಿ. ಆಗದಿದ್ದರೆ ಭಾನುವಾರ ತಾವೇ ಕುಣಿಗಲ್ಲಿಗೆ ದಯಮಾಡಿಸಿ, ಹೋಳಿಗೆ ಊಟವಿದೆ. ಬಾಗಿಲಲ್ಲೇ ಚನ್ನವೀರಯ್ಯನವರು ನಿಂತಿರುತ್ತಾರೆ. ಹನುಮಂತಮ್ಮ ಯಾಕೆ ಬರಲಿಲ್ಲ ಎಂದು ಅವರು ಕೇಳಿದಾಗ, ಉತ್ತರ ತಾವೇ ಕೊಡಿ.

ಇಂತಿ,
ಕ್ಯೂಆರ್ ಕೋಡ್ ಇಟ್ಟ ತಪ್ಪಿಗೆ ಅಕ್ಕನ ಎದುರು ಜೇಬಿನಿಂದ ಫೋನು ತೆಗೆಯಲು ಹೆದರುವ
ಹನುಮಂತರಾಜು
ಬಟವಾಡಿ, ತುಮಕೂರು